ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ?

ಎಂ.ಎ. ರಾಜ್ಯಶಾಸ್ತ್ರದ ಕೊನೆಯ ವರ್ಷದಲ್ಲಿದ್ದ ಇಮ್ರಾನನಿಗೆ ಅವನ ಪ್ರಬಂಧದ ವಿಷಯವೇ ಮುಳುವಾಯಿತು: ‘ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ?’ ಅಫಜಲಪುರ ತಾಲೂಕಿನ ಅವನ ಊರಿನಲ್ಲಿ ಜನ ಸೇರದೆ ಎರಡು ವರ್ಷದಿಂದ ಗ್ರಾಮಸಭೆಯೇ ನಡೆದಿರಲಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದು ಅವನೂ ಹಿಗ್ಗಿದ್ದ. ಮೂವತ್ತು ಜನರ ಸಹಿಯಿರುವ ಪ್ರಶ್ನಾವಳಿ ನಾಳೆ ಬೆಳಿಗ್ಗೆ ಕಲಬುರಗಿಯಲ್ಲಿ ಗೈಡ್ ಶಿವಕಾಂತಾ ಮೇಡಂ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಒಂದು ವರ್ಷ ಹೋದಂತೆಯೇ.

ಮೊದಲು ಪಕ್ಕದ ಮನೆಯ ನಿಂಬೆವ್ವನ ಹತ್ತಿರ ಹೋದ. ಕೈಯಲ್ಲಿ ಹಾಳೆ ಕಂಡದ್ದೇ ತಡ, ಆಕೆ ಮಗನ ಮೋಟರ್‌ಸೈಕಲ್ ಮೇಲೆ ಕೌದಿ ಹೊದಿಸಿಬಿಟ್ಟಳು.

“ಆಯಿ, ನೀ ಎಂದರ ಗ್ರಾಮಸಭಾಕ್ಕ ಹೋಗಿಯೇನು?”

“ಒಂದೂ ಬಿಟ್ಟಿಲ್ಲ, ಬರ್ಕೋ! ಹೋಗಿಲ್ಲಂದ್ರ ರೇಶನ್ ಕಾರ್ಡಿನ್ಯಾಗಿನ ಹೆಸರ ತಗೀತಾರ.”

“ಸಭಾನೇ ಆಗಿಲ್ಲಲ್ಲ, ಆಯಿ!”

“ಆಗದಿದ್ರೇನು? ನಾ ಹೋಗಿದ್ದೆ.”

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮನೆ ತಿರುಗಿದ. ಹನ್ನೊಂದೂ ಮನೆಯವರು ನಡೆಯದ ಸಭೆಗೆ ತಪ್ಪದೆ ಹೋಗಿದ್ದರು. ಹನ್ನೆರಡನೆಯ ಮನೆಯಲ್ಲಿ, ಇದು ಸರಕಾರದ್ದಲ್ಲ, ನನ್ನ ಓದಿನದು ಎಂದು ನಿಜ ಹೇಳಿದ. ಅವರು ಕದ ಮುಚ್ಚಿಕೊಂಡರು.

ಪಂಚಾಯ್ತಿ ಮೆಂಬರ್ ಅಣ್ಣಾರಾಯನಿಗೆ ಇನ್ನೊಬ್ಬರ ಕಷ್ಟ ಕಂಡರೆ ಸುಮ್ಮನೆ ಕೂರಲಾಗದು. ಅವನಿಂದ ಊರಿಗಾದ ತೊಂದರೆಗಳೆಲ್ಲ ಹೀಗೆಯೇ ಆದವು.

“ಲೇ ಇಮ್ರಾನ, ಮನಿ ಮನಿ ತಿರುಗಿದ್ರ ಯಾರ ಖರೆ ಹೇಳ್ತಾರ? ಎಲ್ಲರ್ನೂ ಒಂದ್ ಕಡೆ ಕೂಡಸು. ನಾಕ್ ಮಂದಿ ಮುಂದ ಸುಳ್ಳ ಹೇಳಾಕ ಬಾಯಿ ಬರಂಗಿಲ್ಲ. ಮಂದಿ ಕೂಡ್ಸೋ ಜಿಮ್ಮಾ ನಂದು.”

ಅರ್ಧ ಗಂಟೆಯಲ್ಲಿ ಪಂಚಾಯ್ತಿಯ ಕಸದ ಗಾಡಿ ಓಣಿ ಓಣಿಯಲ್ಲಿ ಕೂಗತೊಡಗಿತು: “ಕಲಬುರಗಿಯಿಂದ ಸಾಹೇಬ್ರು ಬಂದಾರ! ಆಧಾರ ಝೆರಾಕ್ಸ್ ತಗೊಂಡ ಬೇವಿನ ಗಿಡದ ಕಟ್ಟಿ ಕಡಿ ಬರ್ರಿ!”

“ಕಾಕಾ, ನಾ ಯಾವ ಸಾಹೇಬರಿ?” ಎಂದು ಇಮ್ರಾನ ಹಣೆ ಚಚ್ಚಿಕೊಂಡ.

“ಸುಮ್ನಿರು. ಓದಿದ ಮ್ಯಾಲ ಆಗಾವನೇ ಅಲ್ಲ?”

ಅರವತ್ತೆರಡು ಜನ ಸೇರಿದರು. ಇದರಿಂದ ಸರಕಾರಿ ಮನೆಯೂ ಬರುವುದಿಲ್ಲ, ಕಾರ್ಡೂ ಹೋಗುವುದಿಲ್ಲ ಎಂದು ಇಮ್ರಾನ ಕಟ್ಟೆ ಹತ್ತಿ ಆಣೆ ಮಾಡಿದ. ಬಿಸಿಲಲ್ಲಿ ಬಂದಾಗಿತ್ತು, ನೆರಳೂ ಇತ್ತು, ಜನ ಕೂತರು.

“ಖರೆ ಹೇಳ್ರಿ, ಗ್ರಾಮಸಭಾಕ್ಕ ಯಾರ್ಯಾರ ಹೋಗೀರಿ?”

ಮೇಲೆದ್ದ ನಿಂಬೆವ್ವನ ಕೈ ಅಕ್ಕಪಕ್ಕ ನೋಡಿ ಕೆಳಗಿಳಿಯಿತು. ಯಾಕೆ ಹೋಗಲಿಲ್ಲವೆಂದು ಕೇಳಿದ.

“ನಮ್ಮ ಮಾತ ಯಾರ ಕೇಳ್ತಾರ್ರಿ? ಹಿಂಗ ಕೂಡಿಸಿ ಕೇಳಿದ್ರ ಬರ್ತಿದ್ವಿ,” ಎಂದ ಚಂದ್ರಾಮಪ್ಪ ಎಂಬ ರೈತ.

ಆಮೇಲೆ ಮಾತು ನಿಲ್ಲಲಿಲ್ಲ. ನೀರಿನ ಪೈಪು, ಕಂಬದ ದೀಪ, ಗಟಾರ ಎಂದು ಎರಡು ತಾಸು ಯಾರೂ ಏಳಲಿಲ್ಲ. ಅರವತ್ತೆರಡೂ ಹಾಳೆ ತುಂಬಿದವು. ಇಮ್ರಾನನಿಗೆ ಅಳುವಷ್ಟು ಸಂತೋಷವಾಯಿತು.

ಆಗ ಪಂಚಾಯ್ತಿಯ ಅಧಿಕಾರಿ, ಪಿಡಿಒ ಸಾಹೇಬರು ಅತ್ತ ಬಂದರು. ಗ್ರಾಮಸಭೆ ಮಾಡಿಲ್ಲವೆಂದು ಮೇಲಿನಿಂದ ನೋಟಿಸ್ ತಿಂದು ಸೊರಗಿದ್ದ ಮನುಷ್ಯ. ಜನರನ್ನು ಕಂಡು ಗಾಡಿ ಅಲ್ಲೇ ನಿಲ್ಲಿಸಿದರು. ಕಚೇರಿಯಿಂದ ರಿಜಿಸ್ಟರ್ ಬಂತು. ಪೈಪು, ದೀಪ, ಗಟಾರ ಮೂರೂ ಠರಾವಾದವು, ಎಲ್ಲರ ಸಹಿಯೂ ಬಿತ್ತು.

“ಸರ್, ಇದು ಗ್ರಾಮಸಭಾ ಅಲ್ರಿ, ನನ್ನ ಸರ್ವೇರಿ!”

“ಮಂದಿ ಕೂಡ್ಯಾರ, ಊರ ಮಾತ ಆಡ್ಯಾರ, ಸಹಿ ಹಾಕ್ಯಾರ. ಮತ್ತ ಗ್ರಾಮಸಭಾಕ್ಕ ಕೋಡ ಇರ್ತಾವೇನು?” ಎಂದ ಪಿಡಿಒ, ಜನ ಕೂಡಿಸಿದ ಪುಣ್ಯಾತ್ಮನೆಂದು ಇಮ್ರಾನನಿಗೆ ಶಾಲು ಹೊದಿಸಿದರು. ಫೋಟೊ ತೆಗೆದು ಇದ್ದಬದ್ದ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿದರು.

ಸಂಜೆ ಹಾಳೆಗಳನ್ನು ಜೋಡಿಸುತ್ತಿದ್ದಾಗ ಮೇಡಂ ಫೋನ್ ಬಂತು.

“ಇಮ್ರಾನ, ನಿಮ್ಮೂರ ಫೋಟೊ ನೋಡಿದೆ. ತಾಲೂಕಿನ್ಯಾಗ ಈ ವರ್ಷ ಇಷ್ಟ ದೊಡ್ಡ ಗ್ರಾಮಸಭಾ ಆಗಿಲ್ಲಂತ. ನೀ ನೋಡಿದ್ರ ಜನ ಬರಂಗಿಲ್ಲ ಅಂತ ಬರ್ಯಾಕತ್ತಿ!”

“ಮೇಡಂ, ಅದು ಗ್ರಾಮಸಭಾ ಅಲ್ಲವೇ ಅಲ್ರಿ...”

“ಹಂಗಾರ ನಡುವ ಶಾಲು ಹೊತ್ಕೊಂಡ ನಿಂತಾಂವ ಯಾರಪಾ?”

ವಿಷಯ ಬದಲಿಸಿ ಬರುವ ವರ್ಷ ತಂದುಕೊಡು ಎಂದು ಹೇಳಿ ಮೇಡಂ ಫೋನ್ ಇಟ್ಟರು.