ಹೊಸ ಕಂಪ್ಯೂಟರಿನ ಮೇಲೆ ಭಂಡಾರದ ಮಳೆ

ಗದ್ವಾಲ್ ಜಿಲ್ಲೆಯಾದ ವರ್ಷ ನಾನು ಹೊಸ ಕಂಪ್ಯೂಟರ್ ಕೊಂಡೆ. ಎರಡಕ್ಕೂ ಏನೂ ಸಂಬಂಧವಿಲ್ಲ. ಆದರೆ ಆಗ ನಮ್ಮ ಕಡೆ ಎಲ್ಲರಿಗೂ ಹೊಸದರ ಹುಚ್ಚು. ರಾಜ್ಯ ಹೊಸದು, ಜಿಲ್ಲೆ ಹೊಸದು, ಅಂಗಡಿ ಬೋರ್ಡುಗಳಿಗೆ ಬಳಿದ ಬಣ್ಣ ಹೊಸದು. ಮಕ್ತಲ್ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೊ ಇಟ್ಟುಕೊಂಡು ಮದುವೆ ವಿಡಿಯೊ ಮಾಡುವ ನಾನೊಬ್ಬನೇ ಹಳೆಯ ಡಬ್ಬಿಯ ಮುಂದೆ ಕೂತಿರಬೇಕೇ? ಸಾಧ್ಯವೇ ಇಲ್ಲ!

ಹೈದರಾಬಾದಿಗೆ ಹೋದೆ. ದೊಡ್ಡ ಅಂಗಡಿ. ಹಣ್ಣಿನ ಗುರುತಿನ ಕಂಪ್ಯೂಟರುಗಳು ಸಾಲಾಗಿ, ಸದ್ದಿಲ್ಲದೆ, ಒಳ್ಳೆ ಮನೆತನದ ಬೀಗರ ಹಾಗೆ ಕೂತಿದ್ದವು. ಟೈ ಕಟ್ಟಿದ ಒಬ್ಬ ಬಂದು ರ‍್ಯಾಮ್ ಎಷ್ಟು ಬೇಕು, ಗ್ರಾಫಿಕ್ಸ್ ಕಾರ್ಡ್ ಯಾವುದು, ಪ್ರೊಸೆಸರ್ ಎಂಥದ್ದು ಎಂದು ಒಂದೇ ಉಸಿರಿನಲ್ಲಿ ಕೇಳಿದ. ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಅಂಜಿಕೆ. ಕೊನೆಗೆ ಅವನು, ನಿಮ್ಮ ಕೆಲಸದ ಹೊರೆ ಎಷ್ಟಿರುತ್ತದೆ ಎಂದ. ಅದಕ್ಕೆ ಮಾತ್ರ ನನ್ನ ಬಳಿ ಉತ್ತರವಿತ್ತು.

"ಎಂಟುನೂರು ಎಲೆ ಊಟ," ಎಂದೆ.

ಅವನು ಗಂಭೀರವಾಗಿ ತಲೆಯಾಡಿಸಿ ಅಂಗಡಿಯ ಅತಿ ದೊಡ್ಡ ಕಂಪ್ಯೂಟರಿನ ಕಡೆ ನಡೆದ. "ಭಯಪಡಕಂಡಿ ಸಾರ್," ಅಂಜಬೇಡಿ ಎಂದು ತೆಲುಗಿನಲ್ಲಿ ಧೈರ್ಯ ಹೇಳಿದ. ನನ್ನ ಅಂಜಿಕೆ ಶುರುವಾದದ್ದೇ ಅಲ್ಲಿಂದ.

ಸ್ಟುಡಿಯೊಗೆ ತಂದು ಪೆಟ್ಟಿಗೆ ಬಿಚ್ಚಿದಾಗ ನನ್ನ ಹೆಂಡತಿ ನೀಲವ್ವ ಸುತ್ತ ತಿರುಗಿ ನೋಡಿದಳು.

"ಬರೇ ಪರದೆ ಐತಲ್ರೀ? ಡಬ್ಬಿ ಎಲ್ಲಿ? ಅರ್ಧ ಮಾಲು ಅಂಗಡ್ಯಾಗ ಬಿಟ್ಟು ಬಂದೀರೇನು?"

"ಡಬ್ಬಿ ಪರದೆ ಒಳಗ ಐತಿ. ಈಗ ಹಿಂಗ ಬರ್ತಾವು."

"ಮತ್ತ ಕೆಟ್ರ ಎಲ್ಲಿ ಬಿಚ್ಚಾದು?"

ನಾನೂ ಹಿಂದೆ ಮುಂದೆ ನೋಡಿದೆ. ಒಂದು ಸ್ಕ್ರೂ ಕಾಣಲಿಲ್ಲ. "ಇದು ಕೆಡಂಗಿಲ್ಲ," ಎಂದೆ.

ಆಗ ನನ್ನ ಕೈಯಲ್ಲಿದ್ದದ್ದು ಸಾಮಾನ್ಯ ಮದುವೆಯಲ್ಲ. ನೀಲವ್ವನ ತಮ್ಮನ ಮದುವೆ. ಹರಕೆ ಹೊತ್ತು ಪಡೆದ ಒಬ್ಬನೇ ಮಗ. ಆದರೆ ನಮ್ಮ ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ. ಮಗ ತಾಳಿ ಕಟ್ಟುವುದನ್ನು ಹೆತ್ತ ತಾಯಿ ಕಣ್ಣಾರೆ ನೋಡಬಾರದು. ಹಾಗಾಗಿ ಗಟ್ಟಿಮೇಳದ ಹೊತ್ತಿಗೆ ಅತ್ತೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಮುಗಿದ ಮೇಲೆ ಹೊರಗೆ ಬಂದು ನನ್ನ ಕೈ ಹಿಡಿದು, "ಅಳಿಯಾರ, ಪದ್ಧತಿಗೆ ವಿಡಿಯೊ ಗೊತ್ತಿಲ್ಲ. ನಾ ನೋಡಾದು ನಿಮ್ಮ ವಿಡಿಯೊದಾಗಽ," ಎಂದಿದ್ದರು. ಮದುಮಕ್ಕಳು ಮನೆದೇವರಿಗೆ ಹೋಗಿ ಬಂದ ಆದಿತ್ಯವಾರ ನಾರಾಯಣಪೇಟೆಯ ಅವರ ಮನೆಯಲ್ಲಿ ಎಲ್ಲರ ಮುಂದೆ ಅದನ್ನು ಹಾಕುವುದು ಎಂದು ತೀರ್ಮಾನವಾಗಿತ್ತು. ನನ್ನ ಅತ್ತೆ ಜೋರು ಮಾಡುವವರಲ್ಲ. ಸುಮ್ಮನೆ ನೋಡುತ್ತಾರೆ. ಅದಕ್ಕೇ ಅವರೆಂದರೆ ನನಗೆ ಅಂಜಿಕೆ.

ಹೊಸ ಕಂಪ್ಯೂಟರಿನಲ್ಲಿ ಕೆಲಸಕ್ಕೆ ಕೂತೆ. ಹಳೆಯ ಎಡಿಟಿಂಗ್ ಫೈಲುಗಳು ಒಂದೂ ತೆರೆಯಲಿಲ್ಲ. ಎರಡೂ ಬೇರೆ ಬೇರೆ ಜಾತಿಯ ಯಂತ್ರಗಳು, ಒಂದರ ಅಡುಗೆ ಇನ್ನೊಂದು ಮುಟ್ಟುವುದಿಲ್ಲ ಎಂದು ಆಗ ತಿಳಿಯಿತು. ಹೋಗಲಿ, ಮೊದಲಿನಿಂದ ಮಾಡಿದರಾಯಿತು. ಆದರೆ ಭಂಡಾರ?

ಭಂಡಾರ ಅಂದರೆ ನಮ್ಮ ದೇವರು ಬೀರಪ್ಪನ ಅರಿಶಿನ ಪುಡಿ. ತಾಳಿ ಕಟ್ಟುವ ಗಳಿಗೆಯಲ್ಲಿ ವಧೂವರರ ಮೇಲೆ ಆಕಾಶದಿಂದ ಭಂಡಾರದ ಮಳೆ ಸುರಿಯುವುದು ನನ್ನ ಸ್ಟುಡಿಯೊದ ವಿಶೇಷ. ಬೀರಪ್ಪನ ಒಕ್ಕಲಿನವರು ಆ ಮಳೆಗಾಗಿಯೇ ದೂರದಿಂದ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಆ ಮಳೆ ಹಳೆಯ ಕಂಪ್ಯೂಟರಿನಲ್ಲಿತ್ತು. ಹಳೆಯ ಕಂಪ್ಯೂಟರನ್ನು ಗದ್ವಾಲಿನ ಒಬ್ಬ ಆಚಾರ್ಯರಿಗೆ, ಜಾತಕ ತೆಗೆಯಲು ಬೇಕೆಂದು ಕೇಳಿದ್ದಕ್ಕೆ, ಮಾರಿಬಿಟ್ಟಿದ್ದೆ. ಎಲ್ಲ ಮದುವೆಗಳನ್ನೂ ಹುಷಾರಾಗಿ ಹೊಸದಕ್ಕೆ ತುಂಬಿಕೊಂಡಿದ್ದೆ. ಮಳೆಯನ್ನು ಮರೆತಿದ್ದೆ!

ಮೊದಲ ಬಸ್ಸಿಗೆ ಗದ್ವಾಲಿಗೆ ಓಡಿದೆ. ಆಚಾರ್ಯರು ಸಂತೋಷದಿಂದ ಬರಮಾಡಿಕೊಂಡರು.

"ಬರ್ರಿ ಬರ್ರಿ. ನಿಮ್ಮ ಕಂಪ್ಯೂಟರ್ ಭಾಳ ಛಲೋ ಅದ."

"ಆಚಾರ್ರೆ, ಅದ್ರಾಗ ನಂದೊಂದು ಫೈಲ್ ಉಳದೈತ್ರಿ."

"ಉಳದದ? ಹ್ಯಾಂಗ ಉಳೀತದ?" ಅವರು ಗಾಬರಿಯಾದರು. "ಎಷ್ಟೋ ಮದುವಿ, ಎಷ್ಟೋ ಕುರಿ ಊಟ ನೋಡಿ ಬಂದ ಸಾಮಾನದು. ದೇವರ ಮನಿ ಪಕ್ಕಕ್ಕ ಹಾಂಗ ಇಡ್ಲಿಕ್ಕೆ ಬರ್ತದೇನು? ರಾಯಚೂರಿಗೆ ಒಯ್ದು ಪೂರ್ತಿ ಫಾರ್ಮ್ಯಾಟ್ ಹೊಡಿಸಿ, ತುಳಸಿ ನೀರು ಪ್ರೋಕ್ಷಣ ಮಾಡೇ ಒಳಗ ತಂದೀನಿ."

"ಕಂಪ್ಯೂಟರಿಗೆ ನೀರು ಹಾಕಿದ್ರ್ಯಾ?"

"ಹೊರಗ ಅಷ್ಟ. ಒಳಗ ಹಾಕಬ್ಯಾಡ್ರಿ ಅಂತ ರಾಯಚೂರಿನವ ಕೈಮುಗದು ಹೇಳ್ಯಾನ."

ನನ್ನ ಮಳೆ ಶುದ್ಧಿಯಾಗಿ ಹೋಗಿತ್ತು. ಆಚಾರ್ಯರು ಕೊಟ್ಟ ಮಜ್ಜಿಗೆ ಕುಡಿದು ಹೊರಟೆ. ಬಸ್ಸಿನಲ್ಲಿ ಬರುವಾಗ ಕಣ್ಣು ಮುಚ್ಚಿದರೆ ಅತ್ತೆ, ತೆರೆದರೆ ಮತ್ತೆ ಅತ್ತೆ.

ಮಳೆಯನ್ನು ಹೊಸದಾಗಿ ಶೂಟ್ ಮಾಡುವುದೊಂದೇ ದಾರಿ. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಮುಂದೆ ಅರಿಶಿನ ತೂರಿದರೆ ಆಮೇಲೆ ಕಪ್ಪನ್ನು ಅಳಿಸಿಬಿಡಬಹುದು. ಕಪ್ಪು ಬಟ್ಟೆಗೆ ಮನೆಯ ಕರಿ ಕಂಬಳಿ ತಂದು ಗೋಡೆಗೆ ಕಟ್ಟಿದೆ. ಟೇಬಲ್ ಫ್ಯಾನ್ ಇಟ್ಟೆ. ಚಿತ್ರ ಹೇಗೆ ಬರುತ್ತದೆಂದು ಕೂಡಲೇ ಕಾಣಲಿ ಎಂದು ಕ್ಯಾಮೆರಾದ ವೈರನ್ನು ಪಕ್ಕದಲ್ಲೇ ಇದ್ದ ಹೊಸ ಕಂಪ್ಯೂಟರಿಗೆ ಸಿಕ್ಕಿಸಿದೆ. ಅರಿಶಿನದ ತಟ್ಟೆ ಹಿಡಿದು ಬಂದ ನೀಲವ್ವ ಬಾಗಿಲಲ್ಲೇ ನಿಂತಳು.

"ಕರಿ ಕಂಬಳಿ, ಮುಂದ ಭಂಡಾರ. ಇದು ಬೀರಪ್ಪನ ಗದ್ದಿಗಿ ಆತಲ್ರೀ! ಕಾಯಿ ಒಡೀದಽ ತೂರಾಕ ಬರಂಗಿಲ್ಲ."

"ಏ, ಇದು ಶೂಟಿಂಗು!"

"ಅದು ಬೀರಪ್ಪಗ ಹ್ಯಾಂಗ ಗೊತ್ತಾಗಬೇಕ್ರಿ?"

ಬೀರಪ್ಪನೆಂದರೆ ನನಗೂ ಅಂಜಿಕೆ ಇತ್ತು. ಕಾಯಿ ಒಡೆದೆ. ನೀಲವ್ವ ಬೀರಪ್ಪನ ಹೆಸರು ಕೂಗಿ ಎರಡೂ ಕೈತುಂಬ ತೂರಿದಳು. ನಾನು ಫ್ಯಾನ್ ಹಾಕಿದೆ. ಗಾಳಿ ಕಂಬಳಿಗೆ ಬಡಿದು ತಿರುಗಿತು. ಭಂಡಾರವೂ ಗಾಳಿಯ ಜೊತೆ ತಿರುಗಿತು. ತಿರುಗಿ ನೇರವಾಗಿ ಹೊಸ ಕಂಪ್ಯೂಟರಿನ ಬೆನ್ನಿಗೆ ಹೋಯಿತು!

ತಂದಾಗಿನಿಂದ ಒಂದು ಸದ್ದು ಮಾಡದಿದ್ದ ಯಂತ್ರ ಗೊರ್ ಎಂದಿತು. ಒಳಗಿನ ಫ್ಯಾನ್ ಅರಿಶಿನವನ್ನು ಸರಸರನೆ ಎಳೆದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಹೊಗೆಯಂತೆ ಬಿಡತೊಡಗಿತು. ನಾನು ಕೂಗಿಕೊಂಡೆ. ಕೂಗು ಕೇಳಿ ಪಕ್ಕದ ಹೋಟೆಲಿನ ತಾಯಪ್ಪ ಒಳಗೆ ಬಂದ. ಒಡೆದ ಕಾಯಿ, ಕಂಬಳಿ, ಮೈತುಂಬ ಹಳದಿಯಾಗಿ ಗುರುಗುಡುತ್ತಿರುವ ಕಂಪ್ಯೂಟರ್, ಎಲ್ಲವನ್ನೂ ನೋಡಿದ. ಚಪ್ಪಲಿ ಹೊರಗೆ ಬಿಟ್ಟು ಬಂದು ಅದರ ಮೈಮೇಲಿನ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡ.

"ಯಾವಾಗ್ರಿ ಸ್ಥಾಪನಾ ಮಾಡಿದ್ದು?" ಎಂದು ಮೆಲ್ಲಗೆ ಕೇಳಿದ.

ಯಂತ್ರ ಸಾಯಲಿಲ್ಲ. ಆದರೆ ಜ್ವರ ಬಂದವರ ಹಾಗೆ ಬಿಸಿಯಾಗಿ, ಒಂದು ತುಣುಕು ಓಡಿಸಿ ನೋಡಲು ಹೋದರೂ ನಿಂತುಬಿಡುತ್ತಿತ್ತು. ಅದರ ಹಿಂಭಾಗದಲ್ಲಿ ಹಪ್ಪಳ ಸುಡಬಹುದಿತ್ತು. ಓಡಿಸಿ ನೋಡುವುದನ್ನೇ ಬಿಟ್ಟೆ. ಎಲ್ಲಿ ಪೂರ್ತಿ ಕಣ್ಣು ಮುಚ್ಚುತ್ತದೋ ಎಂಬ ದಿಗಿಲು. ಅಂದಾಜಿನ ಮೇಲೆಯೇ ತಾಳಿಯ ದೃಶ್ಯಕ್ಕೆ, ಕ್ಯಾಮೆರಾದಲ್ಲಿ ಸೆರೆಯಾಗಿದ್ದ ಭಂಡಾರದ ಒಂದು ಪದರ ಹಾಕಿದೆ. ಅಷ್ಟೇ ಸಾಕಿತ್ತು. ಅತ್ತೆ ಕಡಿಮೆಯಾಯಿತು ಅಂದರೆ? ಇನ್ನೊಂದು ಹಾಕಿದೆ. ಬೀಗರು ಏನಂದುಕೊಂಡಾರು? ಮತ್ತೊಂದು. ಬೀರಪ್ಪ ಏನಂದುಕೊಂಡಾನು? ಆಮೇಲೆ ನಾನು ಎಣಿಸಲಿಲ್ಲ. ದೇವರ ಮೇಲೆ ಭಾರ ಹಾಕಿ ಪೆನ್‌ಡ್ರೈವಿಗೆ ಇಳಿಸಿದೆ.

ಆದಿತ್ಯವಾರ ನಾರಾಯಣಪೇಟೆಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರ ಫೋಟೊ ತೆಗೆಯಲೆಂದು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ನಾನು ಟಿವಿಯ ಪಕ್ಕ ನಿಂತಿದ್ದೆ. ಅತ್ತೆ ಮದುವೆಯ ಸೀರೆಯನ್ನೇ ಮತ್ತೆ ಉಟ್ಟು, ಟಿವಿಯ ಮುಂದೆ ಕೂತಿದ್ದರು. ಅರಿಶಿನ ಹಚ್ಚಿದ್ದು ಬಂತು, ದಿಬ್ಬಣ ಬಂತು. ಎಲ್ಲ ಚೆನ್ನಾಗಿತ್ತು. ಗಟ್ಟಿಮೇಳ ಮೊಳಗಿತು. ಮೈದುನ ತಾಳಿ ಎತ್ತಿದ. ಅತ್ತೆ ಮುಂದಕ್ಕೆ ಬಾಗಿದರು.

ಭಂಡಾರ ಶುರುವಾಯಿತು.

ಮೊದಲು ತಾಳಿ ಮುಚ್ಚಿತು. ಆಮೇಲೆ ಮದುಮಗಳು, ಮದುಮಗ, ಪುರೋಹಿತರು, ಚಪ್ಪರ. ಟಿವಿ ಪೂರ್ತಿ ಹಳದಿ ಗೋಡೆಯಾಯಿತು. ಗೋಡೆಯ ಹಿಂದಿನಿಂದ ಗಟ್ಟಿಮೇಳ ಕೇಳುತ್ತಲೇ ಇತ್ತು. ಹಳದಿ ತಿಳಿಯಾದಾಗ ಎಲ್ಲರೂ ಊಟಕ್ಕೆ ಕೂತಿದ್ದರು!

"ಅಳಿಯಾರ," ಅತ್ತೆ ಕೇಳಿದರು, "ತಾಳಿ ಎಲ್ಲೈತ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಳೆದುಕೊಂಡ ಸಾಮಾನು ಕೇಳುವವರ ಹಾಗಿತ್ತು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ನನಗೆ ನಿಜವಾಗಿಯೂ ಅಳು ಬಂತು. ನೀಲವ್ವ ನನ್ನ ಕೊರಳಿನ ಕ್ಯಾಮೆರಾ ಹಿಡಿದೆಳೆದಳು.

"ಇದ್ರಾಗ ತಾಳಿ ಇನ್ನೂ ಐತೇನ್ರಿ?"

"ಐತಿ. ಆದ್ರ ಅದು ಕಚ್ಚಾ ಮಾಲು. ಕಟಿಂಗ್ ಇಲ್ಲ, ಏನಿಲ್ಲ..."

"ಇದ್ದದ್ದು ಇದ್ದಂಗ ಹಾಕ್ರಿ."

ಕ್ಯಾಮೆರಾದಿಂದ ಟಿವಿಗೆ ವೈರು ಸಿಕ್ಕಿಸಿದೆ. ಚಿತ್ರ ಅಲ್ಲಾಡುತ್ತಿತ್ತು. ಯಾರದೋ ಮೊಣಕೈ ಅಡ್ಡ ಬಂತು, ಯಾವುದೋ ಕೂಸು ಅತ್ತಿತು. ಮೈದುನ ಬೆವರುತ್ತ ತಾಳಿಯ ಗಂಟು ಹಾಕಿದ. ಯಾರೋ ತೂರಿದ ಒಂದು ಚಿಟಿಕೆ ಭಂಡಾರ ಮದುಮಗಳ ತಲೆಯ ಮೇಲೆ ಬಿತ್ತು. ಗಂಟು ಹಾಕಿ ಮುಗಿಸಿದ ಹುಡುಗ ಕ್ಯಾಮೆರಾ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ತಿರುಗಿ, ತಾಯಿ ಕೂತಿದ್ದ ಕೋಣೆಯ ಬಾಗಿಲನ್ನು ನೋಡಿದ. ಎಡಿಟಿಂಗಿನಲ್ಲಿ ಅದನ್ನು ತಪ್ಪೆಂದು ಕತ್ತರಿಸಿ ಎಸೆದಿದ್ದೆ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೊಮ್ಮೆ ಹಾಕಿಸಿದರು.

"ಭಾಳ ಛಲೋ ಬಂದೈತಿ. ಇದನ್ನ ತೆಗದಾವರು ಯಾರ್ರಿ?"

"ನಾನಽ ರೀ ಅತ್ತಿ," ಎಂದೆ. ಹೋದ ಜೀವ ಬಂದಿತ್ತು. ಎದೆಯೂ ಸ್ವಲ್ಪ ಉಬ್ಬಿತ್ತು.

"ಹೌದಾ? ಹಂಗಾರ ಇಂಥದ್ದನ್ನ ಕೆಡಿಸಿದಾವ ಯಾವನ್ರಿ?"

ಪಡಸಾಲೆ ಪೂರ್ತಿ ನನ್ನ ಕಡೆ ತಿರುಗಿತು.

"ಕಂಪ್ಯೂಟರ್ ರೀ," ಎಂದೆ.

ಪಾಪ, ಅದು ಮಕ್ತಲ್‌ನಲ್ಲಿ ಜ್ವರ ಹಿಡಿದು ಮಲಗಿತ್ತು. ಎದುರು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ!