ಅಗ್ಗದ ಏರ್ ರೈಫಲ್ ಮತ್ತು ಮಿಸ್ ಮಾಲ್ಟಿ

ಒಂದು ಏರ್ ರೈಫಲ್ ಕೊಳ್ಳುವುದು ನನ್ನಂಥವಳಿಗೆ ಅರ್ಧ ಗಂಟೆಯ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಏಕೆಂದರೆ ನಾನು ಸಾಮಾನ್ಯಳಲ್ಲ! ಮೈಸೂರಿನ ಕಾಲೇಜಿನಲ್ಲಿ ಖಾಕಿ ಹಾಕಿ ಪೆರೇಡ್ ಮಾಡಿ, ಕ್ಯಾಂಪಿನಲ್ಲಿ ಬೋರಲು ಮಲಗಿ ಗುಂಡು ಹಾರಿಸಿದವಳು. ಐದರಲ್ಲಿ ನಾಲ್ಕು ಗುರಿಗೆ ಬಿದ್ದು ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಬಂದಿತ್ತು. ಅದು ನನ್ನ ಜೊತೆ ಕರೋಲಿನಾದ ಈ ರಾಲಿ ಊರಿಗೂ ಬಂದು ಈಗ ಸಾಸಿವೆ ತುಂಬಿಕೊಂಡಿದೆ. ಆಮೇಲೆ ಇಪ್ಪತ್ತೆಂಟು ವರ್ಷ ನಾನು ಬಂದೂಕನ್ನು ಮುಟ್ಟಿಯೇ ಇಲ್ಲ ಎಂಬುದು ಸಣ್ಣ ವಿಷಯ.

ಇದೆಲ್ಲ ಶುರುವಾದದ್ದು ಪಕ್ಕದ ಮನೆಯ ವಾಲ್ಟರ್ ಅವರಿಂದ. ಎಪ್ಪತ್ತನಾಲ್ಕು ವರ್ಷ, ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ನಾವು ಈ ಮನೆಗೆ ಬಂದ ವಾರ ಅವರ ಹೆಂಡತಿ ಲೊರೇನ್ ಒಂದು ಬುಟ್ಟಿ ಬೆಂಡೆಕಾಯಿ ತಂದು ಕೊಟ್ಟಿದ್ದರು. ಅಂದಿನಿಂದ ಅವರಿಬ್ಬರಿಗೂ ನಾನು ಮಾಲತಿಯಲ್ಲ, ‘ಮಿಸ್ ಮಾಲ್ಟಿ’. ಕಳೆದ ವಸಂತದಲ್ಲಿ ಲೊರೇನ್ ತೀರಿಕೊಂಡರು. ವಾಲ್ಟರ್ ಮಾತು ಕಡಿಮೆ ಮಾಡಿದರು.

ಊರಾಚೆಯ ಅಗ್ನಿಶಾಮಕ ಠಾಣೆಯ ಸ್ವಯಂಸೇವಕರು ಪ್ರತಿ ನವೆಂಬರಿನಲ್ಲಿ ‘ಟರ್ಕಿ ಶೂಟ್’ ಎಂಬ ಪಂದ್ಯ ನಡೆಸುತ್ತಾರೆ. ಹೆದರಬೇಡಿ, ಟರ್ಕಿ ಕೋಳಿಗೆ ಗುಂಡು ಹೊಡೆಯುವುದಿಲ್ಲ. ಹೊಡೆಯುವುದು ಕಾಗದಕ್ಕೆ. ಗೆದ್ದವರಿಗೆ ಟರ್ಕಿ. ಅದರಲ್ಲಿ ಜೋಡಿಗಳಿಗೆಂದೇ ಏರ್ ರೈಫಲ್ ಸ್ಪರ್ಧೆಯೂ ಇದೆ. ವಾಲ್ಟರ್ ಮತ್ತು ಲೊರೇನ್ ಒಂದು ವರ್ಷವೂ ತಪ್ಪಿಸಿದವರಲ್ಲ.

“ಈ ವರ್ಷ ನಾನು ಹೋಗಲ್ಲ,” ಎಂದರು ವಾಲ್ಟರ್, ಬೇಲಿಯ ಆಚೆ ಎಲೆ ಗುಡಿಸುತ್ತಾ. “ಜೊತೆಗಾರರಿಲ್ಲ. ಲೊರೇನ್ ರೈಫಲ್ಲನ್ನೂ ಅವಳ ತಂಗಿ ಮಗಳಿಗೆ ಕೊಟ್ಟುಬಿಟ್ಟೆ.”

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬದಲಿಗೆ ಸ್ಟೀಲ್ ಡಬ್ಬಿಯ ಕಥೆ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಹೇಗೋ ಬೆಳ್ಳಿಯ ಕಪ್ ಆಯಿತು.

ವಾಲ್ಟರ್ ಕಸಬರಿಗೆ ನಿಲ್ಲಿಸಿದರು. “ನಿಮ್ಮ ಹತ್ತಿರ ರೈಫಲ್ ಇದೆಯಾ, ಮಿಸ್ ಮಾಲ್ಟಿ?”

“ಓ, ಇದೆಯಲ್ಲ!” ಎಂದೆ.

ಎಷ್ಟೋ ತಿಂಗಳ ನಂತರ ಆ ಮುಖದಲ್ಲಿ ನಗು ಕಂಡೆ. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ. ಇಲ್ಲದ ರೈಫಲ್ಲನ್ನು ಎರಡು ವಾರದಲ್ಲಿ ಇರುವಂತೆ ಮಾಡಬೇಕಿತ್ತು.

“ರೀ, ನಾವೊಂದು ಏರ್ ರೈಫಲ್ ತಗೋಬೇಕು,” ಎಂದೆ ಗಂಡನಿಗೆ.

ರಘು ಕಾಫಿ ಲೋಟದಿಂದ ತಲೆ ಎತ್ತಿದರು. “ಯಾರ ಮೇಲೆ ಕೋಪ?”

“ಟಾರ್ಗೆಟ್ ಶೂಟಿಂಗಿಗೆ ರೀ. ವಾಲ್ಟರ್‌ಗೆ ಮಾತು ಕೊಟ್ಟಿದೀನಿ.”

“ಜಿರಳೆ ಕಂಡ್ರೆ ಡೈನಿಂಗ್ ಟೇಬಲ್ ಹತ್ತೋಳು ನೀನು!” ಎಂದರಾದರೂ, ಮಾತು ಕೊಟ್ಟದ್ದು ವಾಲ್ಟರ್‌ಗೆ ಎಂದು ತಿಳಿದು ಮೆತ್ತಗಾದರು. “ಸರಿ. ಆದ್ರೆ ಚೀಪಾಗಿರೋದು ನೋಡೋಣ. ಒಂದು ದಿನದ ಶೋಕಿಗೆ ದುಡ್ಡು ಸುರಿಯೋಕಾಗಲ್ಲ.” ಅಷ್ಟು ಹೇಳಿ, ಡೇಟಾಬೇಸ್ ಇಂಜಿನಿಯರ್ ಆದ ತಪ್ಪಿಗೆ, ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಶೀಟ್ ಶುರು ಮಾಡಿದರು.

ನಾನು ಅನುಭವಿಗಳ ಅಭಿಪ್ರಾಯ ಕೇಳೋಣವೆಂದು ವಾಟ್ಸಾಪ್ ಗ್ರೂಪಿಗೆ ಬರೆದೆ: “ಕಡಿಮೆ ಬೆಲೆಗೆ ಒಳ್ಳೆ ಏರ್ ರೈಫಲ್ ಯಾವುದು? ಬಿಗಿನರ್‌ಗೆ.” ಹತ್ತೇ ನಿಮಿಷದಲ್ಲಿ ಒಂಬತ್ತು ಉತ್ತರ! “ಎರಡು ಬಾಸ್ಕೆಟ್‌ದು ತಗೊಳ್ಳಿ, ಮಾಲತಿ.” “ನಮ್ಮನೇದರಲ್ಲಿ ಮದ್ದೂರು ವಡೆ ಸೂಪರ್ ಆಗಿ ಬರತ್ತೆ.” “ಪ್ರೀಹೀಟ್ ಮಾಡೋದು ಮರೀಬೇಡಿ.” ನಾನು ಬರೆದದ್ದು ದೀಪಾವಳಿ ಅಡುಗೆ ಕಮಿಟಿಯ ಗ್ರೂಪಿಗೆ. ಅವರೆಲ್ಲ ಏರ್ ಫ್ರೈಯರ್ ಎಂದೇ ಓದಿಕೊಂಡಿದ್ದರು. ತಿದ್ದಲು ಹೋದರೆ ಇಡೀ ರಾಲಿಗೆ ಸುದ್ದಿ ಹಬ್ಬುತ್ತದೆಂದು “ಥ್ಯಾಂಕ್ಸ್” ಎಂದು ಬರೆದು ಸುಮ್ಮನಾದೆ.

ಕೊನೆಗೆ ಅಂಗಡಿಗೇ ಹೋದೆವು. ಹೋಗುವ ಮುನ್ನ ರಘು ತಮ್ಮ ಸಂಶೋಧನೆಯ ಸಾರ ಹೇಳಿದ್ದರು: ಕಾಗದದ ಗುರಿಗೆ ಸಣ್ಣ ಗುಂಡಿನ ಹಗುರ ರೈಫಲ್ ಸಾಕು. ದಪ್ಪ ಗುಂಡಿನ, ಜೋರಿನ ರೈಫಲ್ ಅಳಿಲು, ಮೊಲದಂಥ ಸಣ್ಣ ಬೇಟೆಗೆ, ಇಲ್ಲಿಯವರ ಮಾತಿನಲ್ಲಿ ‘ಸ್ಮಾಲ್ ಗೇಮ್’ಗೆ. ನಮಗೆ ಬೇಕಾದದ್ದು ಮೊದಲನೆಯದು. ಇಷ್ಟು ಸ್ಪಷ್ಟವಾಗಿತ್ತು.

ಅಂಗಡಿಯವನು ಬಾಗಿಲಿನಷ್ಟು ಅಗಲದ ಮನುಷ್ಯ. ಹೊಟ್ಟೆಯವರೆಗೆ ಗಡ್ಡ. “ಏನು ಹೊಡೀತೀರಿ ಮ್ಯಾಮ್? ಬರೀ ಪೇಪರ್ ಟಾರ್ಗೆಟ್ಟಾ, ಸ್ಮಾಲ್ ಗೇಮಾ?”

ಆ ‘ಬರೀ’ ನನ್ನನ್ನು ಚುಚ್ಚಿತು.

“ಅಳಿಲು,” ಎಂದೆ.

ರಘು ನನ್ನನ್ನೇ ನೋಡಿದರು. ಮೊಟ್ಟೆ ಹಾಕಿದ ಕೇಕನ್ನೂ ವಾಸನೆ ನೋಡಿ ಪಕ್ಕಕ್ಕಿಡುವ ಹೆಂಡತಿ!

ಗಡ್ಡದವನ ಕಣ್ಣು ಹೊಳೆಯಿತು. ಅಳಿಲಿನ ಸಾರನ್ನು ತನ್ನ ಅಜ್ಜಿ ಹೇಗೆ ಮಾಡುತ್ತಿದ್ದಳೆಂದು ಸವಿಸ್ತಾರವಾಗಿ ಹೇಳಿದ. ನಾನು ಪರಿಣತಳಂತೆ ತಲೆಯಾಡಿಸಿದೆ. ಅಷ್ಟಕ್ಕೇ ಬಿಡದೆ, “ಸ್ವಲ್ಪ ಜೀರಿಗೆ ಹಾಕಿದರೆ ಇನ್ನೂ ಚೆನ್ನ,” ಎಂದೂ ಸೇರಿಸಿದೆ. ಅವನು ಅದನ್ನು ಬರೆದುಕೊಂಡ! ಆಮೇಲೆ ಕಡಿಮೆ ಬೆಲೆಯವುಗಳಲ್ಲೇ ಅತಿ ಜೋರಿನದನ್ನು ತೆಗೆದು ಕೌಂಟರಿನ ಮೇಲಿಟ್ಟ. ದಪ್ಪ ಗುಂಡು, ಬಿಗಿ ಸ್ಪ್ರಿಂಗು, ಜೊತೆಗೆ ದುರ್ಬೀನಿನಂಥ ಒಂದು ಸ್ಕೋಪು ಉಚಿತ.

“ಉಚಿತ” ಎಂದ ಕೂಡಲೇ ರಘು ಎಕ್ಸೆಲ್ ಶೀಟನ್ನು ಮರೆತರು.

ಮನೆಗೆ ಬಂದು ನೋಡಿದರೆ ಹೊಸ ಸಮಸ್ಯೆ. ಆ ಜಾತಿಯ ರೈಫಲ್ಲಿಗೆ ಪ್ರತಿ ಗುಂಡಿಗೂ ಮುನ್ನ ನಳಿಗೆಯನ್ನು ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಎಳೆಯಬೇಕು. ನಾನು ಎಳೆದೆ. ನಳಿಗೆ ಅಲ್ಲಾಡಲಿಲ್ಲ, ನಾನು ಅಲ್ಲಾಡಿದೆ. ಮಂಡಿ ಕೊಟ್ಟು ಎಳೆದೆ. ಗ್ಯಾರೇಜಿನ ನೆಲದ ಮೇಲೆ ಕೂತು, ಎರಡು ಪಾದ ಊರಿ ಎಳೆದೆ. ಕೊನೆಗೆ ರಘು ಹಿಡಿಯನ್ನು ಅಪ್ಪಿಕೊಂಡು ನಿಂತು, ನಾನು ನಳಿಗೆಗೆ ಜೋತುಬಿದ್ದ ಮೇಲೆ ‘ಕಟಕ್’ ಎಂದಿತು.

“ಸ್ಟಿಕ್ಕರ್ ನೋಡಿದ್ಯಾ?” ರಘು ಬೆವರು ಒರೆಸಿಕೊಳ್ಳುತ್ತಾ ಕೇಳಿದರು. “ಬಳಸಿದ ಮೇಲೆ ವಾಪಸ್ ತಗೊಳ್ಳಲ್ಲವಂತೆ.”

“ವಾಪಸ್ ಯಾಕ್ರೀ ಕೊಡ್ಬೇಕು? ಪ್ರಾಕ್ಟೀಸ್ ಮಾಡಿದ್ರೆ ಸರಿ ಹೋಗತ್ತೆ.”

ಆದರೆ ಪ್ರಾಕ್ಟೀಸ್ ಎಲ್ಲಿ? ನಮ್ಮ ಬಡಾವಣೆಯ ನಿಯಮಾವಳಿಯ ಪ್ರಕಾರ ಹಿತ್ತಲಿನಲ್ಲಿ ಏರ್ ರೈಫಲ್ ಹಾರಿಸುವಂತಿರಲಿಲ್ಲ. ವಾಲ್ಟರ್ ತಾವಾಗಿಯೇ, “ನನ್ನ ತಮ್ಮನ ಹೊಲಕ್ಕೆ ಹೋಗಿ ನಾಲ್ಕು ಗುಂಡು ಹಾರಿಸಿ ಬರೋಣವಾ? ಸ್ಕೋಪ್ ಸರಿ ಹೊಂದಿಸಬಹುದು,” ಎಂದರು. ಹೋದರೆ ಸ್ಪ್ರಿಂಗ್ ಎಳೆಯಲಾಗದ ಬೆಳ್ಳಿ ಕಪ್‌ನವಳ ಬಣ್ಣ ಬಯಲಾಗುತ್ತಿತ್ತು. “ಬೇಡ ಬೇಡ, ನನಗೆ ಅಭ್ಯಾಸವಿದೆ,” ಎಂದುಬಿಟ್ಟೆ. ಸ್ಕೋಪನ್ನು ರಘು ಒಂದು ವಿಡಿಯೋ ನೋಡಿ ತಾವೇ ಕೂರಿಸಿದರು. ಒಂದು ಸ್ಕ್ರೂ ಮಿಕ್ಕಿತು. “ಎಕ್ಸ್‌ಟ್ರಾ ಕೊಟ್ಟಿರ್ತಾರೆ,” ಎಂದರು.

ಪಂದ್ಯದ ದಿನ ಶನಿವಾರ, ಚಳಿಯ ಬಿಸಿಲು. ಠಾಣೆಯ ಹಿಂದಿನ ಬಯಲಿನಲ್ಲಿ ಹುಲ್ಲಿನ ಪಿಂಡಿಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಒಂದರ ಪಕ್ಕ ಒಂದರಂತೆ ಹಾಳೆಗಳನ್ನು ಚುಚ್ಚಿದ್ದರು. ವಾಲ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸಿಕ್ಕವರಿಗೆಲ್ಲ, “ಇವರು ಮಿಸ್ ಮಾಲ್ಟಿ, ಇಂಡಿಯಾದ ಚಾಂಪಿಯನ್,” ಎಂದು ಪರಿಚಯಿಸಿದರು. ಕಾಲೇಜಿನ ಡಬ್ಬಿ ಅಷ್ಟು ಹೊತ್ತಿಗೆ ರಾಷ್ಟ್ರಮಟ್ಟಕ್ಕೆ ಏರಿತ್ತು. ಟರ್ಕಿ ಗೆದ್ದರೆ ಸಸ್ಯಾಹಾರಿಗಳಾದ ನಾವು ಏನು ಮಾಡುವುದೆಂಬ ಚಿಂತೆಯೂ ನನಗಿತ್ತು. ಅದನ್ನು ವಾಲ್ಟರ್ ಅವರ ಫ್ರೀಜರಿಗೆ ದಾನ ಮಾಡುವುದೆಂದು ಕಾರಿನಲ್ಲೇ ನಿರ್ಧರಿಸಿಯಾಗಿತ್ತು.

ಒಬ್ಬೊಬ್ಬರಿಗೆ ಐದೈದು ಗುಂಡು. ವಾಲ್ಟರ್ ಮತ್ತು ನಾನು ಅಕ್ಕಪಕ್ಕ ಕೂತೆವು. ವಾಲ್ಟರ್ ಆರಾಮವಾಗಿ ತಮ್ಮ ಐದನ್ನೂ ಹಾರಿಸಿ ಮುಗಿಸಿದರು. ಎಲ್ಲ ನಡುವಿನ ಕಪ್ಪು ಚುಕ್ಕೆಯ ಸುತ್ತಲೇ!

ನನ್ನ ಸರದಿ. ಕೈ ಎತ್ತಿ ರಘುವನ್ನು ಕರೆದೆ.

ರಘು ಬಂದು ಹಿಡಿಯನ್ನು ಅಪ್ಪಿಕೊಂಡರು. ನಾನು ನಳಿಗೆಗೆ ಜೋತುಬಿದ್ದೆ. “ಒಂದು... ಎರಡು... ಮೂರೂ!” ಕಟಕ್. ಜನ ಬಂದು ಗುಂಪುಗೂಡಿದರು. ಎರಡನೆಯ ಗುಂಡಿಗೆ ಕೆಲವರು ನಮ್ಮ ಜೊತೆಗೇ ಎಣಿಸಿದರು. ಐದನೆಯದಕ್ಕೆ ಇಡೀ ಬಯಲು, “ಒಂಡು... ಎರ್ಡು... ಮೂರೂ!” ಎಂದು ಕನ್ನಡದಲ್ಲಿ ಕೂಗಿತು. ಕರೋಲಿನಾದ ಆ ಹಳ್ಳಿಯಲ್ಲಿ ಕನ್ನಡಕ್ಕೆ ನನ್ನಿಂದ ಅಷ್ಟಾದರೂ ಸೇವೆ ಸಂದಿತು.

ಪ್ರತಿ ಸಲವೂ ಸ್ಕೋಪಿನಲ್ಲಿ ಕಪ್ಪು ಚುಕ್ಕೆ ನನ್ನೆದುರಿಗೇ ಇತ್ತು. ಉಸಿರು ಬಿಗಿಹಿಡಿದೆ, ಮೆಲ್ಲಗೆ ಒತ್ತಿದೆ, ಕೈ ನಡುಗಲಿಲ್ಲ. ಒಳಗಿನ ಕೆಡೆಟ್ ಎದ್ದು ಕೂತಿದ್ದಳು. ಎದ್ದು ನಿಂತಾಗ ನನಗೆ ಗೆಲುವು ಖಚಿತವಾಗಿತ್ತು.

ತೀರ್ಪುಗಾರ್ತಿ ಬೆಳ್ಳಿ ಕೂದಲಿನ ಹೆಂಗಸು, ಕುತ್ತಿಗೆಗೆ ಕನ್ನಡಕ ಜೋತಾಡುತ್ತಿತ್ತು. ಹಾಳೆಗಳನ್ನು ಬಿಚ್ಚಿ ತಂದು ಮೇಜಿನ ಮೇಲೆ ಹರಡಿ, ಬಹಳ ಹೊತ್ತು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ವಾಲ್ಟರ್, ನೀನು ಎಷ್ಟು ಹಾರಿಸಿದೆ?”

“ಐದು.”

“ನಿನ್ನ ಹಾಳೆಯಲ್ಲಿ ಒಂಬತ್ತು ತೂತಿವೆ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ರಘು ಕಡೆ ತಿರುಗಿದೆ. ರಘು ಆಕಾಶ ನೋಡುತ್ತಿದ್ದರು, ಬಹುಶಃ ಆ ಸ್ಕ್ರೂವಿನ ನೆನಪಾಗಿರಬೇಕು. ಸೊಟ್ಟಗೆ ಕೂತಿದ್ದ ಸ್ಕೋಪು ನನ್ನ ನಾಲ್ಕು ಗುಂಡುಗಳನ್ನು ನೆಟ್ಟಗೆ ಪಕ್ಕದ ಹಾಳೆಗೆ ಕಳಿಸಿತ್ತು. ಐದನೆಯದು ಎಲ್ಲಿ ಹೋಯಿತೋ ಇಂದಿಗೂ ಪತ್ತೆಯಿಲ್ಲ.

ಒಂದು ಹಾಳೆಯಲ್ಲಿ ಹೆಚ್ಚು ತೂತಿದ್ದರೆ ಕಡಿಮೆ ಅಂಕದ ಐದನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ಪಂದ್ಯದ ನಿಯಮ. ಕಡಿಮೆ ಅಂಕದವು ಯಾವುವೆಂದು ಹೇಳಬೇಕಾಗಿಲ್ಲ. ನನ್ನ ನಾಲ್ಕೂ ಅಂಚಿನಲ್ಲಿದ್ದವು. ಹೀಗಾಗಿ ವಾಲ್ಟರ್ ಅವರ ಐದು ಮುತ್ತಿನಂಥ ಗುಂಡುಗಳಲ್ಲಿ ನಾಲ್ಕು ಕಸಕ್ಕೆ ಹೋದವು. ನಾನು ಸೊನ್ನೆ ಹೊಡೆದದ್ದಷ್ಟೇ ಅಲ್ಲ, ಅವರನ್ನೂ ಮುಳುಗಿಸಿದ್ದೆ! ಹನ್ನೊಂದು ಜೋಡಿಗಳಲ್ಲಿ ನಮಗೆ ಹನ್ನೊಂದನೆಯ ಸ್ಥಾನ. ಟರ್ಕಿ ಗೆದ್ದವರು ಒಬ್ಬ ಅಜ್ಜಿ ಮತ್ತು ಒಂಬತ್ತು ವರ್ಷದ ಮೊಮ್ಮಗಳು. ಆ ಹುಡುಗಿ ತನ್ನ ರೈಫಲ್ಲನ್ನು ತಾನೇ ಎಳೆದುಕೊಂಡಿದ್ದಳು.

ನನಗೆ ಅಳುವೇ ಬಂತು. “ಸಾರಿ ವಾಲ್ಟರ್,” ಎಂದು ಎಲ್ಲವನ್ನೂ ಒಪ್ಪಿಕೊಂಡೆ. ರೈಫಲ್ ಇರಲಿಲ್ಲ, ಕಪ್ ಇರಲಿಲ್ಲ, ಇದ್ದದ್ದು ಡಬ್ಬಿ, ಅದರಲ್ಲಿ ಸಾಸಿವೆ.

ವಾಲ್ಟರ್ ತಲೆ ತಗ್ಗಿಸಿದರು. ಭುಜ ಅಲುಗತೊಡಗಿತು. ಅಯ್ಯೋ, ಈ ವಯಸ್ಸಿನಲ್ಲಿ ಅಳಿಸಿಬಿಟ್ಟೆನೆಂದು ನಾನು ಗಾಬರಿಯಾದೆ. ನೋಡಿದರೆ ಮನುಷ್ಯ ನಗುತ್ತಿದ್ದಾರೆ! ಬೆಂಚು ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಗು.

“ಮೊದಲ ವರ್ಷ ಲೊರೇನ್ ಏನು ಹೊಡೆದಳು ಗೊತ್ತಾ?” ಎಂದರು, ಉಸಿರು ಸಿಕ್ಕಿದ ಮೇಲೆ. “ತೀರ್ಪುಗಾರರ ಕಾಫಿ ಫ್ಲಾಸ್ಕು. ನೀವು ಪರವಾಗಿಲ್ಲ. ಕಾಗದಕ್ಕಾದರೂ ಹೊಡೆದಿರಿ.”

ಅಷ್ಟು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ನೆನಪಿಗೆ ಇರಲೆಂದು ನನ್ನ ಹಾಳೆಯನ್ನು ತೆಗೆದು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ಬೆಳ್ಳಿ ಕೂದಲಿನ ತೀರ್ಪುಗಾರ್ತಿ ಓಡಿ ಬಂದು ಬಹಳ ಮರ್ಯಾದೆಯಿಂದ ನನ್ನ ಕೈ ಹಿಡಿದರು.

“ದಯವಿಟ್ಟು ಮಡಿಸಬೇಡಿ ಮ್ಯಾಮ್. ಅದು ಇನ್ನೂ ಹೊಸದಾಗೇ ಇದೆ, ಮುಂದಿನ ಪಂದ್ಯಕ್ಕೆ ಬೇಕು.”