ಡಬ್ಬಾ ಹೋಯ್ತು, ಕಂಪ್ಯೂಟರ್ ಬಂತು

ಗುರಿಕಾರನ ಮರ್ಯಾದೆ ನಿಂತಿದ್ದದ್ದು ಒಂದು ಕೆಟ್ಟ ಕಂಪ್ಯೂಟರಿನ ಮೇಲೆ.

ಫ್ರಿಜ್ಜು, ವಾಷಿಂಗ್ ಮಷೀನು ರಿಪೇರಿ ಮಾಡುವ ಅಂಗಡಿಯಲ್ಲಿ ಸಾಮಾನು ಎತ್ತಿಡುವುದು, ಸ್ಕ್ರೂ ಬಿಚ್ಚುವುದು ಅವನ ಕೆಲಸ. ಹಗಲು ಹೊತ್ತು ಅವನನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಬಂದೂಕಿನ ಆಟಕ್ಕೆ ಕೂತನೆಂದರೆ ಮಾತ್ರ ಮಹಾಶೂರ. ಹಾಗಂತ ಅವನೇ ಹೇಳಿಕೊಂಡಿದ್ದ. 'ಗುರಿಕಾರ' ಅನ್ನುವ ಹೆಸರೂ ಆಟಕ್ಕೆಂದು ಅವನೇ ಇಟ್ಟುಕೊಂಡದ್ದು. ದಿನಾ ಸಂಜೆ ಇಂಟರ್ನೆಟ್ಟಿನ ಆ ತುದಿಯಿಂದ ಅದೇ ಊರಿನ 'ಗುಡುಗು' ಎಂಬ ಹೆಸರಿನ ಆಟಗಾರ ಅವನನ್ನು ಅಟ್ಟಾಡಿಸಿ ಹೊಡೆದು ಮಲಗಿಸುತ್ತಿದ್ದ. ದಿನಾ ಬೆಳಿಗ್ಗೆ ಟೀ ಹೊತ್ತಿಗೆ ಗುರಿಕಾರ ಅಂಗಡಿಯಲ್ಲಿ ವರದಿ ಒಪ್ಪಿಸುತ್ತಿದ್ದ.

"ಹಣೆಗೇ ಇಟ್ಟು ಹೊಡೆದೆ ಯಜಮಾನ್ರೇ. ಆದ್ರೆ ನನ್ನ ಡಬ್ಬಾ ಕಂಪ್ಯೂಟರ್ ಆ ಗುಂಡನ್ನ ನಳಿಕೆಯಿಂದ ಆಚೆ ಬಿಡೋ ಹೊತ್ತಿಗೆ ಅವನು ನನ್ನ ಕೊಂದು, ಕೈಕಾಲು ತೊಳ್ಕೊಂಡು, ಊಟಕ್ಕೆ ಕೂತಿದ್ದ!"

ಯಜಮಾನರು ಲೊಚಗುಟ್ಟುವರು. ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಮಾವ, "ಅಂಥ ಡಬ್ಬಾದಲ್ಲೇ ಇಷ್ಟು ಹೊಡೆದಾಡ್ತಾನಲ್ಲ, ಭಲೇ!" ಅನ್ನುವನು. ಕೌಂಟರಿನಲ್ಲಿ ಬಿಲ್ಲು ಹಾಕುವ ಅಕ್ಕ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಡುವಳು. ನಿಜವಾಗಿ ಆ ಡಬ್ಬಾದಲ್ಲಿ ಅಂಥ ದೋಷವೇನೂ ಇರಲಿಲ್ಲ. ಸ್ವಲ್ಪ ನಿಧಾನ, ಅಷ್ಟೆ. ಗುಂಡು ಗೋಡೆಗೆ ಹೋಗುತ್ತಿದ್ದದ್ದು ಗುರಿಕಾರನ ಕೈಯಿಂದಲೇ. ಇದು ಅವನಿಗೊಬ್ಬನಿಗೇ ಗೊತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರಿ, ಎಲ್ಲರೂ ಅನ್ನುವ ಮಾತೇ. ಆದರೆ ಅದನ್ನು ನಂಬಿ ಜನರೆಲ್ಲ ಸೇರಿ ನೆಲ ಸಮ ಮಾಡಿಕೊಡಲು ಹೊರಟರೆ ಅವಳ ಗತಿ ಏನಾಗಬೇಕು?

ಅದೇ ಆಯಿತು. ಆ ದಿನ ಗಿರಾಕಿಗಳಿರಲಿಲ್ಲ. ಯಜಮಾನರು ಟೀ ಲೋಟ ಕೆಳಗಿಟ್ಟು ಎದ್ದು ನಿಂತರು. "ಇನ್ನು ನೋಡೋಕಾಗಲ್ಲ. ಎಲ್ಲರೂ ಕೈಲಾದಷ್ಟು ಹಾಕೋಣ. ಹಳೇ ಸಾಮಾನಿನ ಬೀದಿಗೆ ಹೋಗಿ ಒಂದೊಂದೇ ಭಾಗ ಆರಿಸಿ ತಂದು ನಾವೇ ಕಂಪ್ಯೂಟರ್ ಕಟ್ಟೋಣ. ಸಂಜೆ ನಮ್ಮ ಹುಡುಗ ಇಲ್ಲೇ, ನಮ್ಮ ಕಣ್ಣೆದುರಿಗೇ, ಆ ಗುಡುಗನ್ನ ಮಲಗಿಸ್ಬೇಕು!"

ಗುರಿಕಾರನ ಗಂಟಲಲ್ಲಿ ಅರ್ಧ ಬಿಸ್ಕತ್ತು ಅಡ್ಡ ನಿಂತಿತು. "ಬೇಡಿ ಯಜಮಾನ್ರೇ, ನಿಮಗ್ಯಾಕೆ ಸುಮ್ನೆ..."

"ನೋಡ್ರೀ, ಎಂಥ ಸಂಕೋಚದ ಹುಡುಗ!" ಅಂದರು ಯಜಮಾನರು. ಅಕ್ಕ ಕಣ್ಣೊರೆಸಿಕೊಂಡಳು.

ದಾರಿಯುದ್ದಕ್ಕೂ ಗುರಿಕಾರ ಲೆಕ್ಕ ಹಾಕಿದ. ಕಂಪ್ಯೂಟರ್ ಬರುವುದಂತೂ ತಪ್ಪುವುದಿಲ್ಲ. ಹಾಗಾದರೆ ಕೆಟ್ಟ ಕಂಪ್ಯೂಟರೇ ಬರಲಿ! ಇದ್ದಬದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿಯಾದರೂ ತಪ್ಪು ಭಾಗಗಳನ್ನೇ ಆರಿಸಬೇಕು.

ಮೊದಲನೆಯದು ಪ್ರೊಸೆಸರ್, ಅಂದರೆ ಕಂಪ್ಯೂಟರಿನ ತಲೆ. ಗುರಿಕಾರ ಆ ಬೀದಿಯ ಅಂಗಡಿಯೊಂದರ ಗಾಜಿನೊಳಗಿದ್ದ ಅತಿ ದುಬಾರಿಯದರ ಮೇಲೆ ಬೆರಳಿಟ್ಟ. ತಲೆಗೇ ಎಲ್ಲಾ ದುಡ್ಡು ಸುರಿದರೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಕಾಸು ಉಳಿಯುವುದಿಲ್ಲ. ಒಳ್ಳೇ ಕಾರ್ಡಿಲ್ಲದಿದ್ದರೆ ಆಟ ಬಸವನ ಹುಳುವಿನ ಹಾಗೆ ತೆವಳುತ್ತದೆ.

ಅಕ್ಕ ಅವನ ಬೆರಳನ್ನು ಗಾಜಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. "ಇಷ್ಟು ದೊಡ್ಡ ತಲೆ ಯಾಕೋ ನಿಂಗೆ? ಆಟ ಆಡ್ತೀಯೋ, ರಾಕೆಟ್ ಹಾರಿಸ್ತೀಯೋ? ಮಧ್ಯಮದ್ದು ಸಾಕು. ಉಳಿದದ್ದು ಕಾರ್ಡಿಗಿರಲಿ." ಆಮೇಲೆ ಅಂಗಡಿಯವನ ಕಡೆ ತಿರುಗಿದಳು. ಅವಳ ಚೌಕಾಸಿ ನೋಡುವ ಹಾಗಿತ್ತು. ದನಿ ಏರಿಸಲಿಲ್ಲ, ಬೈಯಲಿಲ್ಲ; ಅಂಗಡಿಯವನು ಹೇಳಿದ ಬೆಲೆಯನ್ನು ಅವನ ಮುಖ ನೋಡುತ್ತಾ ಮೆಲ್ಲಗೆ ಮತ್ತೊಮ್ಮೆ ಹೇಳಿದಳು. ಅವನಿಗೇ ನಾಚಿಕೆಯಾಗಿ ಇಳಿಸಿದ. ಅವಳು ಅದನ್ನೂ ಮೆಲ್ಲಗೆ ಹೇಳಿದಳು. ಕೊನೆಗೆ ಅವನು ಮೆಮೊರಿಯ ಎರಡು ಪಟ್ಟಿಯನ್ನೂ ಪುಕ್ಕಟೆ ಸೇರಿಸಿ ಕೊಟ್ಟು, ಕುರ್ಚಿಯಲ್ಲಿ ಕೂತು ನೀರು ಕುಡಿದ.

ಗುರಿಕಾರ ಎದೆಗುಂದಲಿಲ್ಲ. ಮೂಲೆಯಲ್ಲಿ ಗುಜರಿಗೆ ಹೋಗಬೇಕಾದ ಕಾರ್ಡುಗಳ ಪೆಟ್ಟಿಗೆ ಇತ್ತು. ಅದರಲ್ಲಿ ಕೈಯಾಡಿಸಿ, ಫ್ಯಾನು ತುಕ್ಕು ಹಿಡಿದು ಸತ್ತೇಹೋಗಿದ್ದ ಒಂದು ಉದ್ದನೆಯ ಕಾರ್ಡನ್ನು ಎಳೆದ. "ಇದೇ ಬೇಕು!" ಅಂದ.

"ಅದು ಸತ್ತಿದೆ ಕಣಯ್ಯಾ," ಅಂದ ಅಂಗಡಿಯವನು.

"ಆದ್ರೂ ಇದೇ."

ವೈಂಡಿಂಗ್ ಮಾವ ಕಾರ್ಡನ್ನು ಕೈಗೆ ತಗೊಂಡ. ಮೂಸಿದ. ಉಗುರಿನಿಂದ ಫ್ಯಾನಿನ ನಡುವೆ ಕೆರೆದ. ಜೇಬಿನಿಂದ ಎಣ್ಣೆಯ ಪುಟ್ಟ ಕುಪ್ಪಿ ತೆಗೆದು, ಹಸುಗೂಸಿನ ಬಾಯಿಗೆ ಔಷಧಿ ಬಿಟ್ಟ ಹಾಗೆ ಒಂದು ಹನಿ ಬಿಟ್ಟ. ಕಿತ್ತುಹೋಗಿದ್ದ ಕೂದಲೆಳೆಯಂಥ ತಂತಿಯನ್ನು ಕನ್ನಡಕವಿಲ್ಲದೆ ಹುಡುಕಿ ಬೆಸೆದ. ಆ ಕೈಯನ್ನು ನೋಡುತ್ತಾ ಗುರಿಕಾರನೂ ಒಂದು ಗಳಿಗೆ ತನ್ನ ಸಂಕಟ ಮರೆತ. ಅಷ್ಟು ಚೆಂದದ ಕೆಲಸ! ಕಾರ್ಡಿಗೆ ಕರೆಂಟು ಕೊಟ್ಟದ್ದೇ ಫ್ಯಾನು ಗಿರ್ರನೆ ತಿರುಗಿತು, ಪರದೆಯ ಮೇಲೆ ಚಿತ್ರ ಬಂತು.

ಅಂಗಡಿಯವನು ತಲೆ ಮೇಲೆ ಕೈಹೊತ್ತ. "ಅಯ್ಯಯ್ಯೋ, ಇದು ಭಾರೀ ಕಾರ್ಡು! ಗುಜರಿ ಬೆಲೆಗೆ ಹೋಯ್ತಲ್ಲಪ್ಪಾ!"

"ಏನ್ ಕಣ್ಣೋ ನಿಂದು!" ಮಾವ ಗುರಿಕಾರನ ಬೆನ್ನಿಗೆ ಗುದ್ದಿದ. "ರಾಶಿಯಲ್ಲಿ ರತ್ನ ಹೆಕ್ಕಿದೆ!"

ಕರೆಂಟು ಹಂಚುವ ಪವರ್ ಸಪ್ಲೈಗೆ ಗುರಿಕಾರ ಇದ್ದದ್ದರಲ್ಲೇ ಹಗುರವಾದದ್ದನ್ನು ಹಿಡಿದ. ಯಜಮಾನರು ಅದನ್ನು ಅಂಗೈಯಲ್ಲಿ ತೂಗಿ, "ಒಣಗಿದ ಸೋರೆಬುರುಡೆ ಹಾಗಿದೆ. ಒಳಗೆ ತಾಮ್ರ ಇದ್ರೆ ತೂಕ ಇರುತ್ತೆ ಕಣೋ," ಎಂದು ಇಟ್ಟಿಗೆಯಂಥದ್ದನ್ನು ಆರಿಸಿದರು. ಮಿಕ್ಕ ಬಿಡಿಭಾಗಗಳನ್ನೆಲ್ಲ ಕೊಂಡಮೇಲೆ ಉಳಿದದ್ದು ಹೊರಪೆಟ್ಟಿಗೆ. ಗುರಿಕಾರ ಊಟದ ಡಬ್ಬಿಯಷ್ಟು ಸಣ್ಣದನ್ನು ಅಪ್ಪಿಕೊಂಡು, ಇದನ್ನು ಬಿಟ್ಟು ಬೇರೆ ಒಲ್ಲೆ ಅಂದ. ಆ ಉದ್ದದ ಕಾರ್ಡು ಅದರೊಳಗೆ ಏಳು ಜನ್ಮಕ್ಕೂ ಹಿಡಿಸುವಂತಿರಲಿಲ್ಲ.

"ಇವನಿಗೆ ನಮ್ಮ ದುಡ್ಡು ಉಳಿಸೋ ಚಿಂತೆ," ಅಂದರು ಯಜಮಾನರು. "ಪೆಟ್ಟಿಗೆ ಕೊಳ್ಳೋದೇ ಬೇಡ. ನಾನು ಮಾಡ್ತೀನಿ."

ತಮ್ಮ ಅಂಗಡಿಗೆ ವಾಪಸು ಬಂದವರೇ ಹಳೇ ವಾಷಿಂಗ್ ಮಷೀನಿನ ತಗಡನ್ನು ಅಳತೆಪಟ್ಟಿ ಇಲ್ಲದೆ, ಕಣ್ಣಳತೆಯಲ್ಲೇ ಕತ್ತರಿಸಿದರು. ಮಡಚಿದ ಮೂಲೆಗಳು ಕಾಗದದ ಲಕೋಟೆಯ ಹಾಗೆ ಕೂತವು. ಹಿಂದುಗಡೆ ಫ್ರಿಜ್ಜಿನ ಫ್ಯಾನು ಬಂತು. ಕಂಪ್ಯೂಟರ್ ಬಿಸಿಯಾಗುವುದು ಹಾಗಿರಲಿ, ಎದುರಿಗೆ ನಿಂತವರಿಗೇ ಶೀತವಾಗುವಷ್ಟು ಗಾಳಿ. ಸಂಜೆ ಬಿಸಿಲು ಕೌಂಟರಿಗೆ ಬೀಳುವಷ್ಟರಲ್ಲಿ ಎಲ್ಲವೂ ಸಿದ್ಧ. ಕೊಂಡ ಕಂಪ್ಯೂಟರುಗಳು ಇದರ ಮುಂದೆ ಆಟಿಕೆ.

ಸ್ವಿಚ್ಚು ಒತ್ತುವಾಗ ಗುರಿಕಾರ ಕಣ್ಣುಮುಚ್ಚಿ ಹರಕೆ ಹೊತ್ತ: ದೇವರೇ, ಇದು ಶುರುವಾಗದಿರಲಿ! ಒಂದೇ ಒತ್ತಿಗೆ ಶುರುವಾಯಿತು.

ಬೀದಿಯವರೂ ಬಂದು ನೆರೆದರು. ಆಟದಲ್ಲಿ ಗುಡುಗು ಆಗಲೇ ಕಾಯುತ್ತಿದ್ದ. ಚಿತ್ರ ಎಷ್ಟು ಸ್ಪಷ್ಟವೆಂದರೆ ತನ್ನ ಗುಂಡು ಯಾವ ಗೋಡೆಯ ಯಾವ ಇಟ್ಟಿಗೆಗೆ ಬಿತ್ತು ಅನ್ನುವುದೂ ಗುರಿಕಾರನಿಗೆ ಕಾಣುತ್ತಿತ್ತು. ಹಿಂದಿದ್ದವರಿಗೂ ಕಾಣುತ್ತಿತ್ತು.

"ಗೋಡೆಗ್ಯಾಕೋ ಹೊಡೀತಿದಾನೆ?" ಯಾರೋ ಕೇಳಿದರು.

"ಹೆದರಿಸ್ತಿದಾನೆ, ಸುಮ್ನಿರಿ," ಅಂದ ಮಾವ.

ಗುಡುಗು ಅಟ್ಟಿಸಿಕೊಂಡು ಬಂದ. ಗುರಿಕಾರನ ಪ್ರಾಣ ಎಳೆಯಷ್ಟು ಉಳಿದಿತ್ತು. ಬೆವರಿದ ಕೈಯಲ್ಲಿ ಮೌಸು ಜಾರುತ್ತಿತ್ತು. ಇನ್ನೊಂದು ಗುಂಡು, ಮರ್ಯಾದೆ ಮಣ್ಣು ಅನ್ನುವಾಗ, ಗುಡುಗು ಬಟ್ಟಬಯಲಲ್ಲಿ ಕಂಬದಂತೆ ನಿಂತುಬಿಟ್ಟ. ಅಲುಗಲಿಲ್ಲ. ಗುರಿಕಾರ ಹೊಡೆದ. ತಪ್ಪಿತು. ಮತ್ತೆ ಹೊಡೆದ. ತಪ್ಪಿತು. ಮೂಗಿನ ಹತ್ತಿರ ಹೋಗಿ ನಿಂತು ಹೊಡೆದ.

ಗುಡುಗು ಬಿದ್ದ!

ಅಂಗಡಿ ಹಾರಿಹೋಗುವ ಹಾಗೆ ಕೇಕೆ. ಯಜಮಾನರು ಅವನನ್ನು ಎತ್ತಿ ತಿರುಗಿಸಿದರು. ಅಕ್ಕ ಇಡೀ ಬಿಸ್ಕತ್ತಿನ ಪೊಟ್ಟಣವನ್ನೇ ಕೊಟ್ಟಳು. ಗುರಿಕಾರನಿಗೂ ಅನ್ನಿಸಿತು: ನಾನು ನಿಜವಾಗಿಯೂ ಶೂರನೇ ಇರಬೇಕು, ಇಷ್ಟು ದಿನ ಪಾಪ ಆ ಡಬ್ಬಾದ್ದೇ ತಪ್ಪು!

ಆಗ ಆಟಗಾರರು ಒಬ್ಬರಿಗೊಬ್ಬರು ಮಾತಾಡುವ ಸ್ಪೀಕರಿನಿಂದ ಒಂದು ದನಿ ಬಂತು. ನಡುವಯಸ್ಸಿನ ಹೆಂಗಸಿನ ದನಿ. "ತಪ್ಪು ತಿಳ್ಕೋಬೇಡಪ್ಪಾ. ಕೆಮ್ಮಿನ ಔಷಧಿ ಕೇಳ್ಕೊಂಡು ಗಿರಾಕಿ ಬಂದ್ರು. ಬಿಲ್ ಹಾಕಿ ಬರೋಷ್ಟರಲ್ಲಿ ನೀನು ಹೊಡೆದ್ಬಿಟ್ಟಿದೀಯ."

ಕೇಕೆ ನಿಂತಿತು. ಯಜಮಾನರು ಕಂಪ್ಯೂಟರಿನ ಮೈಕಿನ ಹತ್ತಿರ ಬಾಯಿ ತಂದರು. "ಯಾರಮ್ಮಾ ನೀವು? ಗುಡುಗು ಅಂದ್ರೆ ನೀವೇನಾ?"

"ಹೌದು ಸಾರ್. ಬಸ್ ಸ್ಟ್ಯಾಂಡ್ ಹಿಂದೆ ಔಷಧಿ ಅಂಗಡಿ ಇಟ್ಕೊಂಡಿದೀನಿ. ಬಿಲ್ ಹಾಕೋ ಕಂಪ್ಯೂಟರಲ್ಲೇ ಬಿಡುವಾದಾಗ ಆಡ್ತೀನಿ. ತುಂಬಾ ಹಳೇದು. ಚಿತ್ರ ಅರ್ಧ ಬರುತ್ತೆ, ಅರ್ಧ ಬರಲ್ಲ. ಎದುರಿನವರು ಇಲ್ಲಿರಬಹುದು ಅಂತ ಅಂದಾಜಿನ ಮೇಲೆ ಹೊಡೀತೀನಿ."

"ಅಂದಾಜಿನ ಮೇಲೆ!" ಮಾವ ಕೆನ್ನೆಗೆ ಕೈ ಹಚ್ಚಿ ಸ್ಟೂಲಿನ ಮೇಲೆ ಕುಸಿದ. "ಕಣ್ಣು ಕಾಣದೆ ನಮ್ಮ ಹುಡುಗನ್ನ ದಿನಾ ಹೊಡೀತಿದ್ರಾ ತಾಯಿ? ಎಂಥ ಕೈ!"

"ಅಕ್ಕಾ, ನಾನೂ ಬಿಲ್ ಹಾಕೋಳೇ!" ಕೌಂಟರಿನ ಅಕ್ಕ ಮೈಕನ್ನು ಕಿತ್ತುಕೊಂಡಳು. ಅವಳ ಕಣ್ಣು ತುಂಬಿತ್ತು. "ಆ ದರಿದ್ರ ಕಂಪ್ಯೂಟರ್ ಏನಂತ ನನಗೆ ಗೊತ್ತು ಅಕ್ಕಾ!"

"ನನ್ನದೂ ಡಬ್ಬಾನೇ ಇತ್ತಲ್ಲ ಯಜಮಾನ್ರೇ..." ಅಂದ ಗುರಿಕಾರ.

"ಸುಮ್ನಿರೋ! ನಿನ್ನ ಡಬ್ಬಾದಲ್ಲಿ ಚಿತ್ರ ಪೂರ್ತಿ ಬರ್ತಿತ್ತಲ್ಲ!" ಅಂದರು ಯಜಮಾನರು. ಎಲ್ಲರ ಮುಖ ನೋಡಿದರು. ಎಲ್ಲರೂ ತಲೆಯಾಡಿಸಿದರು. "ವೈರುಗಳನ್ನ ಬಿಚ್ಚು. ಇಂಥ ಕಂಪ್ಯೂಟರ್ ಯಾರ ಕೈ ಸೇರ್ಬೇಕೋ ಅವರ ಕೈ ಸೇರ್ಲಿ. ತಾಯೀ, ಇನ್ನರ್ಧ ಗಂಟೇಲಿ ನಿಮ್ಮ ಅಂಗಡಿಗೇ ತಲುಪಿಸ್ತೀವಿ."

ಸ್ಪೀಕರಿನ ದನಿ ಸಂಕೋಚದಿಂದ ಹೇಳಿತು: "ನಿಮ್ಮ ಋಣ ಹೇಗೆ ತೀರಿಸ್ಲಿ ಸಾರ್! ಒಂದು ಕೆಲಸ ಮಾಡಿ, ಹೊತ್ಕೊಂಡು ಬರೋಕೆ ಆ ಗುರಿಕಾರನ್ನೇ ಕಳಿಸಿ. ಪಾಪ, ಬಂದೂಕು ಯಾವ ಕಡೆಯಿಂದ ಹಿಡೀಬೇಕು ಅಂತ ಹಾಗೇ ತೋರಿಸಿ ಕಳಿಸ್ತೀನಿ."